ಮಗುವಿಗೆ ಥೆರಪಿ ಬೇಕು ಅನ್ನಿಸಿದಾಗ ಎಲ್ಲಿಂದ ಶುರು ಮಾಡಬೇಕು?

ಸೋಮವಾರ ಬೆಳಿಗ್ಗೆ ಮಾತ್ರ ಬರುವ ಹೊಟ್ಟೆನೋವು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರು. ಮೊನ್ನೆಮೊನ್ನೆವರೆಗೆ ಬೀದಿ ತುಂಬ ಆಡಿಕೊಂಡಿದ್ದ ಹುಡುಗಿ ಈಗ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ಮನೆಯಲ್ಲಿ ಒಬ್ಬರು ಹಠ ಅನ್ನುತ್ತಾರೆ, ಇನ್ನೊಬ್ಬರು ದೃಷ್ಟಿ ತೆಗೆಯಿರಿ ಅನ್ನುತ್ತಾರೆ, ದೊಡ್ಡವಳಾದ ಮೇಲೆ ಸರಿಹೋಗುತ್ತೆ ಬಿಡಿ ಅನ್ನುವವರೂ ಇದ್ದಾರೆ. ಕೆಲವು ಸಲ ನಿಜವಾಗಿಯೂ ಸರಿಹೋಗುತ್ತದೆ. ಹೋಗದೇ ಇದ್ದಾಗ ಯಾರ ಹತ್ತಿರ ಹೋಗಬೇಕು, ಹೋದಲ್ಲಿ ಏನು ಕೇಳಬೇಕು ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಿರುವವರು ಬಾಯಿ ಬಿಡುವುದಿಲ್ಲ, ಯಾಕೆಂದರೆ ತಮ್ಮ ಮಗುವಿನ ವಿಷಯ ನಾಲ್ಕು ಜನರ ಕಿವಿಗೆ ಬೀಳುತ್ತದೆ ಅನ್ನುವ ಭಯ.

ಮೊದಲು ಬರೆದಿಡಿ, ಆಮೇಲೆ ಮಕ್ಕಳ ಡಾಕ್ಟರ್

ಒಂದೆರಡು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಏನಾಯಿತು, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನು ನಡೆದಿತ್ತು, ನೀವು ಏನು ಮಾಡಿದಿರಿ. ಇಷ್ಟೇ ಸಾಕು. "ಯಾವಾಗಲೂ ಸಿಟ್ಟು" ಅನ್ನುವುದಕ್ಕಿಂತ "ಟ್ಯೂಷನ್‌ನಿಂದ ಬಂದ ಮೇಲೆ, ವಾರಕ್ಕೆ ನಾಲ್ಕು ಸಲ" ಅನ್ನುವುದು ಥೆರಪಿಸ್ಟ್‌ಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ನಿದ್ದೆ, ಊಟ, ಸ್ಕೂಲು, ಸ್ನೇಹಿತರು, ಈ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಕೆಟ್ಟಿದ್ದರೆ ಮತ್ತು ಅದು ವಾರಗಟ್ಟಲೆ ಹಾಗೇ ಇದ್ದರೆ ಕಾಯಬೇಡಿ.

ನೇರವಾಗಿ ಥೆರಪಿಸ್ಟ್ ಹತ್ತಿರ ಓಡುವ ಮುಂಚೆ ಮಕ್ಕಳ ಡಾಕ್ಟರಿಗೆ ತೋರಿಸಿ. ಕಿವಿ ಸರಿಯಾಗಿ ಕೇಳಿಸದ ಮಗು ಮಾತು ಕೇಳದ ಮಗುವಿನ ಹಾಗೇ ಕಾಣುತ್ತದೆ. ಕ್ಲಾಸಿನಲ್ಲಿ ಕ್ಷಣಕಾಲ ಕಣ್ಣು ನೆಟ್ಟು ಕೂರುವುದು ಗಮನದ ಕೊರತೆ ಇರಬಹುದು, ಒಂದು ಬಗೆಯ ಮೂರ್ಛೆರೋಗವೂ ಇರಬಹುದು. ಹಾಸಿಗೆ ಒದ್ದೆ ಮತ್ತೆ ಶುರುವಾದರೆ ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆ ಇದೆಯಾ ನೋಡಬೇಕು.

ಆದರೆ ಮಗು ಸಾಯುವ ಮಾತಾಡಿದರೆ, ಕೈ ಕೊಯ್ದುಕೊಂಡರೆ, ಈ ನೋಟ್‌ಬುಕ್ ಎಲ್ಲ ಪಕ್ಕಕ್ಕಿಡಿ. ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಮಗುವಿಗೆ ಹಿಂಸೆ ಕೊಡುತ್ತಿದ್ದಾರೆ ಅನ್ನುವ ಸಂಶಯ ಇದ್ದರೆ ಮಕ್ಕಳ ಸಹಾಯವಾಣಿ 1098.

ಸುಮ್ನೆ ಆಟ ಆಡಿಸಿ ಕಳಿಸ್ತಾರಲ್ಲ!

ಈ ದೂರು ಬಹಳ ಸಲ ಕೇಳಿದ್ದೇನೆ. ದುಡ್ಡು ಕೊಟ್ಟು ಮುಕ್ಕಾಲು ಗಂಟೆ ಗೊಂಬೆ ಆಡಿಸಿದರು ಅಂತ. ಐದಾರು ವರ್ಷದ ಮಗುವನ್ನು ಕೂರಿಸಿ "ನಿನಗೆ ಏನನ್ನಿಸುತ್ತಿದೆ ಹೇಳು" ಅಂದರೆ ಅದು ಏನು ಹೇಳೀತು? ಅದಕ್ಕೆ ಅಷ್ಟು ಮಾತು ಇನ್ನೂ ಬಂದಿರುವುದಿಲ್ಲ. ಆದರೆ ಗೊಂಬೆಮನೆಯಲ್ಲಿ ಅಪ್ಪನ ಗೊಂಬೆಯನ್ನು ಪ್ರತಿ ಸಲವೂ ಹೊರಗೇ ನಿಲ್ಲಿಸಿದರೆ, ಮನೆಯ ಚಿತ್ರದಲ್ಲಿ ತನ್ನನ್ನು ಬಿಟ್ಟು ಎಲ್ಲರನ್ನೂ ಬರೆದರೆ, ಥೆರಪಿಸ್ಟ್ ಅದನ್ನು ಗಮನಿಸುತ್ತಾರೆ. ಒಂದೇ ಚಿತ್ರದಿಂದ ತೀರ್ಮಾನಕ್ಕೆ ಬರುವುದಿಲ್ಲ, ನಿಮ್ಮನ್ನು ಕೇಳುತ್ತಾರೆ, ಸ್ಕೂಲಿನಿಂದ ತಿಳಿದುಕೊಳ್ಳುತ್ತಾರೆ, ಎಲ್ಲ ಸೇರಿಸಿ ನೋಡುತ್ತಾರೆ. ಸೋಲುವುದು, ಕಾಯುವುದು, ಸಿಟ್ಟು ಬಂದಾಗ ಕೈ ಎತ್ತದೆ ಇರುವುದು, ಇದನ್ನೆಲ್ಲ ಮಗು ಕಲಿಯುವುದೂ ಆ ಆಟದಲ್ಲೇ.

ಸ್ವಲ್ಪ ದೊಡ್ಡ ಮಕ್ಕಳ ಜೊತೆ ಮಾತು ಜಾಸ್ತಿ. ಭಯ, ಆತಂಕಕ್ಕೆ ಸಿಬಿಟಿ ಅನ್ನುವ, ಯೋಚನೆ ಮತ್ತು ನಡವಳಿಕೆಯನ್ನು ಸ್ವಲ್ಪಸ್ವಲ್ಪವಾಗಿ ಬದಲಾಯಿಸುವ ವಿಧಾನ ಬಳಸುತ್ತಾರೆ. ನಾಯಿ ಕಂಡರೆ ನಡುಗುವ ಮಗು ಮೊದಲು ನಾಯಿಯ ಫೋಟೊ ನೋಡುತ್ತದೆ, ಆಮೇಲೆ ದೂರದಲ್ಲಿ ಕಟ್ಟಿದ ನಾಯಿ, ಆಮೇಲೆ ಇನ್ನೂ ಹತ್ತಿರ. ಹೆದರಿಕೆ ಇಳಿಯುವವರೆಗೆ ಒಂದೊಂದು ಮೆಟ್ಟಿಲಲ್ಲೂ ನಿಲ್ಲುತ್ತಾರೆ. ಹೊಡೆಯುವುದು, ಬೈಯುವುದು, ಹೇಳಿದ್ದಕ್ಕೆಲ್ಲ ಎದುರು ನಿಲ್ಲುವುದು ಇದ್ದರೆ ಕೆಲಸ ಮುಖ್ಯವಾಗಿ ಅಪ್ಪ ಅಮ್ಮನ ಜೊತೆ ನಡೆಯುತ್ತದೆ. ಯಾವುದಕ್ಕೆ ಗಮನ ಕೊಡಬೇಕು, ಯಾವುದನ್ನು ನೋಡಿಯೂ ಬಿಡಬೇಕು, ಹೊಗಳುವುದು ಹೇಗೆ, ಹೇಳಿದ ನಿಯಮಕ್ಕೆ ಅಜ್ಜಿ ತಾತ ಸೇರಿ ಎಲ್ಲರೂ ಅಂಟಿಕೊಳ್ಳುವುದು ಹೇಗೆ. ವಾರಕ್ಕೆ ಒಂದು ಗಂಟೆ ಮಾತ್ರ ಮಗು ಥೆರಪಿಸ್ಟ್ ಹತ್ತಿರ ಇರುತ್ತದೆ, ಉಳಿದ ಹೊತ್ತೆಲ್ಲ ನಿಮ್ಮ ಮನೆಯಲ್ಲಿ, ಸ್ಕೂಲಿನಲ್ಲಿ. ಹಾಗಾಗಿ ನಿಮ್ಮನ್ನು ಒಳಗೆ ಕರೆಯದ, ಮನೆಯಲ್ಲಿ ಏನು ಬದಲಾಗಬೇಕು ಅಂತ ಹೇಳದ ಥೆರಪಿಸ್ಟ್ ನನ್ನ ಪ್ರಕಾರ ಸರಿಯಾದ ಆಯ್ಕೆ ಅಲ್ಲ. ಅಪ್ಪಂದಿರೂ ಹೋಗಬೇಕು. ಫೀಸ್ ಕಟ್ಟಿ ಕಾರಿನಲ್ಲಿ ಕಾಯುವುದು ಸಾಲದು.

ಯಾರು ಏನು ಮಾಡುತ್ತಾರೆ

ಮನೋವೈದ್ಯರು ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮತ್ತು ಥೆರಪಿ ಮಾಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಮಾಡಿಸಿರಬೇಕು. ಆ ನಂಬರ್ ಕೇಳಿ, ಆರ್‌ಸಿಐ ವೆಬ್‌ಸೈಟಿನಲ್ಲಿ ನೋಡಿ. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಮಗುವನ್ನು ಬಿಡುವ ಅಗತ್ಯವಿಲ್ಲ. ಮಾತು ತಡವಾದರೆ, ತೊದಲಿದರೆ ಸ್ಪೀಚ್ ಥೆರಪಿಸ್ಟ್. ಪೆನ್ಸಿಲ್ ಹಿಡಿಯಲು ಕಷ್ಟ, ಶಬ್ದ ಅಥವಾ ಮುಟ್ಟುವಿಕೆ ತಡೆಯಲಾಗದು ಅಂದರೆ ಆಕ್ಯುಪೇಷನಲ್ ಥೆರಪಿಸ್ಟ್. ಕೌನ್ಸೆಲರ್ ಅನ್ನುವ ಬೋರ್ಡನ್ನು ಮಾತ್ರ ಸಣ್ಣ ಕೋರ್ಸ್ ಮಾಡಿದವರೂ ಹಾಕಿಕೊಂಡಿರುತ್ತಾರೆ. ಅವರಲ್ಲಿ ಒಳ್ಳೆಯವರು ಇಲ್ಲವೆಂದಲ್ಲ. ಏನು ಓದಿದ್ದೀರಿ, ಎಲ್ಲಿ ತರಬೇತಿ ಆಯಿತು, ಮಕ್ಕಳ ಜೊತೆ ಎಷ್ಟು ವರ್ಷ ಕೆಲಸ ಮಾಡಿದ್ದೀರಿ ಅಂತ ಕೇಳಿಯೇ ಮುಂದೆ ಹೋಗಿ.

ಎಲ್ಲಿ ಹುಡುಕುವುದು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಪ್ರತ್ಯೇಕ ಮನೋವೈದ್ಯ ವಿಭಾಗ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಮಾತು, ಶ್ರವಣದ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಷ್ಟು ದೂರ ಹೋಗಲು ಆಗದವರು ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿ. 1996ರಲ್ಲಿ ಶುರುವಾದ ಈ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿ ನಮ್ಮ ಬಳ್ಳಾರಿ ಜಿಲ್ಲೆಯ ಪ್ರಯೋಗವೇ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಂಡು ಹೋಗಿ. ಬೆಳವಣಿಗೆ ತಡವಾದ ಚಿಕ್ಕ ಮಕ್ಕಳಿಗೆ ಅಂಗನವಾಡಿ, ಸ್ಕೂಲುಗಳಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ದಾರಿ ತೋರಿಸುತ್ತದೆ.

ಭಾಷೆಯನ್ನು ಮರೆಯಬೇಡಿ

ಸ್ಕೂಲಿನಲ್ಲಿ ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತದೆ ಅಂತ ಇಂಗ್ಲಿಷ್ ಥೆರಪಿಸ್ಟ್ ಸಾಕು ಅಂದುಕೊಳ್ಳಬೇಡಿ. ಮಗು ಯಾವ ಭಾಷೆಯಲ್ಲಿ ಅಳುತ್ತದೆ, ಜಗಳ ಆಡುತ್ತದೆ, ನಿದ್ದೆಗಣ್ಣಲ್ಲಿ ಕನವರಿಸುತ್ತದೆ ನೋಡಿ. ಅದು ತುಳು ಇರಬಹುದು, ಉರ್ದು ಇರಬಹುದು, ಬೀದರ್ ಕಡೆಯ ಕನ್ನಡ ಇರಬಹುದು. ಬುದ್ಧಿಮತ್ತೆಯ ಪರೀಕ್ಷೆಯಲ್ಲೂ ಇದು ಮುಖ್ಯ. ಬೇರೆ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬರದಿದ್ದರೆ ಅದು ಬುದ್ಧಿ ಕಡಿಮೆ ಅಂತ ಲೆಕ್ಕಕ್ಕೆ ಬಂದುಬಿಡಬಹುದು. ವಿ. ವಿ. ಕಾಮತ್ ಅವರು 1930ರ ದಶಕದಲ್ಲೇ ಬಿನೆ ಅನ್ನುವ ಬುದ್ಧಿಮತ್ತೆಯ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು ಇದಕ್ಕೇ. ಯಾವ ಭಾಷೆಯಲ್ಲಿ ಪರೀಕ್ಷೆ ಮಾಡಿದಿರಿ ಅಂತ ಕೇಳುವುದು ನಿಮ್ಮ ಹಕ್ಕು.

ಮೊದಲ ಫೋನ್, ಮೊದಲ ದಿನ

ಮೊದಲ ಫೋನಿನಲ್ಲೇ ಕೇಳಿ: ಫೀಸ್ ಎಷ್ಟು, ಸುಮಾರು ಎಷ್ಟು ಸಲ ಬರಬೇಕಾಗಬಹುದು, ಸ್ಕೂಲಿನ ಜೊತೆ ಮಾತಾಡುತ್ತೀರಾ, ಮಗು ಹೇಳಿದ್ದರಲ್ಲಿ ನಮಗೆ ಏನು ತಿಳಿಸುತ್ತೀರಿ? ಕೊನೆಯ ಪ್ರಶ್ನೆಗೆ "ಎಲ್ಲವನ್ನೂ ಹೇಳುತ್ತೇವೆ" ಅನ್ನುವ ಉತ್ತರ ಬಂದರೆ ಖುಷಿಪಡಬೇಡಿ. ಹದಿಹರೆಯದ ಮಗು ಬಾಯಿ ಬಿಡುವುದು ತನ್ನ ಗುಟ್ಟು ಉಳಿಯುತ್ತದೆ ಅನ್ನುವ ನಂಬಿಕೆ ಇದ್ದಾಗ ಮಾತ್ರ. ಆದರೆ ಜೀವಕ್ಕೆ ಅಪಾಯ ಇದ್ದರೆ ಥೆರಪಿಸ್ಟ್ ನಿಮಗೆ ಹೇಳಲೇಬೇಕು. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು.

ಇಷ್ಟು ದಿನದಲ್ಲಿ ಪೂರ್ತಿ ಗುಣ ಅಂತ ಗ್ಯಾರಂಟಿ ಕೊಡುವವರು, ವರ್ಷದ ಪ್ಯಾಕೇಜ್ ದುಡ್ಡು ಮೊದಲೇ ಕೇಳುವವರು ಬೇಡ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಅದನ್ನು ಶಿಫಾರಸು ಮಾಡುವ ಹಾಗಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮನೆ, ಹೊಲ ಅಡ ಇಡಬೇಡಿ, ದಯವಿಟ್ಟು.

ಮಗುವಿಗೆ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಐಸ್‌ಕ್ರೀಮ್ ಕೊಡಿಸುತ್ತೇನೆ ಅಂತ ಹೊರಟು ಕ್ಲಿನಿಕ್ ಮುಂದೆ ಗಾಡಿ ನಿಲ್ಲಿಸಿದರೆ ಆ ಮಗು ಮತ್ತೆ ನಂಬುವುದು ಕಷ್ಟ. "ನಿನಗೆ ರಾತ್ರಿ ಭಯ ಆಗುತ್ತಲ್ವಾ, ಅದಕ್ಕೆ ಸಹಾಯ ಮಾಡುವವರು ಇದ್ದಾರೆ, ಇಂಜೆಕ್ಷನ್ ಕೊಡಲ್ಲ, ನಾನೂ ಬರ್ತೀನಿ" ಅಂದರೆ ಸಾಕು. ಮೊದಲ ಭೇಟಿಯಲ್ಲಿ ಹೆರಿಗೆ, ನಡೆದಿದ್ದು ಯಾವಾಗ, ಮಾತು ಬಂದಿದ್ದು ಯಾವಾಗ, ಮನೆಯಲ್ಲಿ ಜಗಳ, ಸಾವು, ಸಾಲ, ಎಲ್ಲ ಕೇಳುತ್ತಾರೆ. ಮುಚ್ಚಿಡಬೇಡಿ.

ನಾಲ್ಕೈದು ಭೇಟಿ ಆದ ಮೇಲೆ ಗುರಿ ಏನು, ಎಲ್ಲಿಗೆ ಬಂದಿದ್ದೇವೆ ಅಂತ ಕೇಳಿ. ಸ್ಪಷ್ಟ ಉತ್ತರ ಇಲ್ಲದಿದ್ದರೆ, ಅಥವಾ ಮಗು ಆ ಕೋಣೆಗೆ ಹೋಗಲು ಪ್ರತಿ ಸಲವೂ ಹೆದರುತ್ತಿದ್ದರೆ ಬದಲಾಯಿಸಿ. ಬದಲಾಯಿಸುವಾಗ ಮಗುವಿಗೆ ಒಂದು ಸಲ ಟಾಟಾ ಹೇಳಿ ಬರಲು ಅವಕಾಶ ಕೊಡಿ. ಪರೀಕ್ಷೆಯ ವರದಿಗಳನ್ನು ಬರಹದಲ್ಲಿ ತೆಗೆದುಕೊಂಡು ಫೈಲಿನಲ್ಲಿ ಇಡಿ. ಮುಂದಿನ ಥೆರಪಿಸ್ಟ್ ಮೊದಲಿಂದ ಶುರು ಮಾಡುವುದು ತಪ್ಪುತ್ತದೆ. ಕಲಿಕಾ ನ್ಯೂನತೆ, ಅಂದರೆ ಓದು, ಬರಹ, ಲೆಕ್ಕದಲ್ಲಿ ತೊಂದರೆ ಇರುವ ಮಗುವಾದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿಗೆ ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನು ಹತ್ತನೇ ತರಗತಿಯ ಫೆಬ್ರವರಿಯಲ್ಲಿ ಅಲ್ಲ, ಎಂಟು ಒಂಬತ್ತರಲ್ಲೇ ಮಾಡಿಸಿಡಿ.