ಪಳಗಿದ ಕೈ, ಮಗುವಿನ ಗೆರೆ: ನನ್ನ ಅನುಭವ

ಕಲಾಶಾಲೆಯಲ್ಲಿ ಐದು ವರ್ಷ ಕಲಿತು, ಮುಖದ ಅಳತೆ, ನೆರಳು-ಬೆಳಕು, ದೂರ-ಸಮೀಪದ ಲೆಕ್ಕಗಳನ್ನೆಲ್ಲ ಕೈಗೆ ಹತ್ತಿಸಿಕೊಂಡಿದ್ದ ನಾನು, ಮಕ್ಕಳಂತೆ ಚಿತ್ರ ಬರೆಯಲು ಹೊರಟಾಗ ಮೊದಲು ಮಾಡಿದ್ದು ಎಡಗೈಯಲ್ಲಿ ಕುಂಚ ಹಿಡಿಯುವ ಅಗ್ಗದ ಉಪಾಯ. ಗೆರೆ ನಡುಗಿತು, ಮಗುವಿನದಾಗಲಿಲ್ಲ. ಮಗು ಅನುಮಾನವಿಲ್ಲದೆ, ಕಂಡದ್ದಕ್ಕಿಂತ ಗೊತ್ತಿರುವುದನ್ನು ಬರೆಯುತ್ತದೆ. ಅಕ್ಕನ ಮಗಳು ಬರೆದ ಬಾವಿ ಮೇಲಿನಿಂದ ನೋಡಿದಂತೆ ದುಂಡಗಿತ್ತು, ರಾಟೆ ಪಕ್ಕದಿಂದ ನೋಡಿದಂತೆ ನಿಂತಿತ್ತು, ಕೊಡದೊಳಗಿನ ನೀರೂ ಕಾಣುತ್ತಿತ್ತು.

ದಾರಿ ಸಿಕ್ಕಿದ್ದು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಚಿತ್ರಕಾರ ಪಾಲ್ ಕ್ಲೇಯಿಂದ. ತನ್ನ ಬಾಲ್ಯದ ಚಿತ್ರಗಳು 1902ರಲ್ಲಿ ಮತ್ತೆ ಕೈಗೆ ಸಿಕ್ಕಾಗ ಬೆರಗಾದ ಆತ, 1911ರಲ್ಲಿ ತನ್ನ ಕೃತಿಗಳ ಪಟ್ಟಿ ಆರಂಭಿಸಿದಾಗ ಅವುಗಳಲ್ಲಿ ಕೆಲವನ್ನು ಅದರಲ್ಲಿ ಸೇರಿಸಿದ. ಆತನ 1922ರ ‘ಟ್ವಿಟರಿಂಗ್ ಮೆಷಿನ್’ ಚಿತ್ರದ ತೊಡರುವ ಕಪ್ಪು ಗೆರೆಗಳು ಕುಂಚದಿಂದ ಬಂದವಲ್ಲ. ತೆಳು ಕಾಗದಕ್ಕೆ ಕಪ್ಪು ಎಣ್ಣೆಬಣ್ಣ ಸವರಿ, ಅದು ಆರುತ್ತ ಬಂದಾಗ ಹೊಸ ಹಾಳೆಯ ಮೇಲೆ ಕವುಚಿ, ಮೇಲೆ ರೇಖಾಚಿತ್ರವನ್ನಿಟ್ಟು ಸೂಜಿಯಿಂದ ತಿದ್ದಬೇಕು. ಕಾರ್ಬನ್ ಕಾಗದದ ಕೆಲಸವೇ. ಗೆರೆ ಹೇಗೆ ಮೂಡುತ್ತಿದೆಯೆಂದು ಕಾಣದಿರುವುದರಿಂದ ಪಳಗಿದ ಕೈಯ ಠೀವಿ ಅಲ್ಲಿ ನಡೆಯುವುದಿಲ್ಲ, ಅಂಗೈ ಒತ್ತಿದಲ್ಲೆಲ್ಲ ಮಸಿಯೂ ಇಳಿಯುತ್ತದೆ. ನಾನು ಬಳಸಿದ ಐವರಿ ಬ್ಲ್ಯಾಕ್ ಮೊದಲೇ ನಿಧಾನವಾಗಿ ಒಣಗುವ ಬಣ್ಣ. ಮಳೆಗಾಲದ ಆತುರದಲ್ಲಿ ಮೂರು ಹಾಳೆಗಳು ಹಂಚಿನ ತಳದಂತಾದವು. ಆಮೇಲೆ, ಮುಟ್ಟಿದರೆ ಅಂಟಂಟಾಗಿದ್ದರೂ ಬೆರಳಿಗೆ ಬಣ್ಣ ಹತ್ತದಷ್ಟು ಹದಕ್ಕಾಗಿ ಕಾಯುವುದನ್ನು ಕಲಿತೆ. ಗೆರೆ ಒಣಗಿದ ಮೇಲೆ ಜಲವರ್ಣ ಹರಿಸಿದರೆ ಎಣ್ಣೆ ಕದಲುವುದಿಲ್ಲ.

ಸಂಕೇತಗಳ ವಿಷಯದಲ್ಲಿ ಒಂದು ತಪ್ಪು ಮಾಡಿದೆ. ಸಾಗರದ ಕಡೆಯ ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಚಿತ್ತಾರದಿಂದ ಏಣಿ, ಹಕ್ಕಿಗಳನ್ನು ಎತ್ತಿಕೊಂಡು ಬಂದು ನನ್ನ ಗೀಚುಗಳ ನಡುವೆ ಕೂರಿಸಿದೆ, ಅವು ಹೊಂದಲೇ ಇಲ್ಲ. ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಎಳೆಗಳನ್ನು ಎಳೆಯುವ ಆ ಹೆಂಗಸರದು ಕಟ್ಟುನಿಟ್ಟಿನ ಲೆಕ್ಕಾಚಾರ. ಅದನ್ನು ‘ಮುಗ್ಧ ಕಲೆ’ ಎನ್ನುವವರು ಸರಿಯಾಗಿ ನೋಡಿಲ್ಲವೆಂದೇ ನನ್ನ ಅಭಿಪ್ರಾಯ. ಹಾಗಾಗಿ ನಾನು ಬೆಳೆದ ಮನೆಯ ಬಾವಿ, ಕೊಡ, ಹಗ್ಗ ಇಷ್ಟಕ್ಕೇ ನಿಂತೆ.

ನಾಲ್ಕನೆಯ ಹಾಳೆಯಲ್ಲಿ ಕೊಡದ ಪಕ್ಕ ಹೆಬ್ಬೆರಳಿನ ಮಸಿ ಬಿದ್ದಿತ್ತು. ಕೆರೆದು ತೆಗೆಯಲು ಬ್ಲೇಡು ಹಿಡಿದವನು ಸುಮ್ಮನಾಗಿ, ಸೂಜಿಯಿಂದ ಅದಕ್ಕೆ ನಾಲ್ಕು ಕಾಲು ಎಳೆದೆ. ಕಪ್ಪೆಯಾಯಿತು.