ಏಳು ಅಡಿಕೆ ಇಟ್ಟು ತಪ್ಪು ಹಿಡಿಯುವುದು ಹೇಗೆ?

ಜುಲೈ ತಿಂಗಳ ಮಳೆಯಲ್ಲಿ ತೀರ್ಥಹಳ್ಳಿ ಕಡೆಗೆ ಫೋನ್ ಮಾಡಿದವರಿಗೆ ಗೊತ್ತಿರುತ್ತದೆ, ‘ನಾಳೆ ಬರ್ತೀನಿ’ ಅನ್ನುವುದನ್ನು ಮೂರು ಸಲ ಕೂಗಬೇಕು. ಫೋನಿನೊಳಗೂ ಇದೇ ಪಾಡು. ಮಾತು 0 ಮತ್ತು 1ರ ಸಾಲಾಗಿ ಹೊರಡುತ್ತದೆ, ದಾರಿಯಲ್ಲಿ ಗದ್ದಲ ಸೇರಿ 1 ಇದ್ದದ್ದು 0 ಆಗಿಬಿಡುತ್ತದೆ. ಅಲ್ಲೂ ಮೂರು ಸಲ ಹೇಳಬಹುದು, ಆದರೆ 4 ಬಿಟ್ (ಒಂದೊಂದು 0 ಅಥವಾ 1 ಒಂದು ಬಿಟ್) ದಾಟಿಸಲು 12 ಬಿಟ್ ಖರ್ಚು. ಅಮೆರಿಕದ ಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ಅದನ್ನು 7ಕ್ಕೆ ಇಳಿಸಿದರು. ಅವರು ವಾರಾಂತ್ಯದಲ್ಲಿ ಗಣಕಯಂತ್ರಕ್ಕೆ ಲೆಕ್ಕ ಕೊಟ್ಟು ಹೋದರೆ, ತಪ್ಪು ಕಂಡ ಕೂಡಲೇ ಅದು ಲೆಕ್ಕ ಕೈಬಿಡುತ್ತಿತ್ತು. ತಪ್ಪಾಗಿದೆ ಎಂದು ತಿಳಿಯುವ ಯಂತ್ರಕ್ಕೆ ಎಲ್ಲಿ ಎಂದು ಯಾಕೆ ತಿಳಿಯಬಾರದು ಎಂಬ ಸಿಟ್ಟಿನಿಂದ ಹುಟ್ಟಿದ ಉಪಾಯ 1950ರಲ್ಲಿ ಅಚ್ಚಾಯಿತು.

ಜಗಲಿಯ ಮೇಲೆ ಮಾಡಿ ನೋಡೋಣ. ಕೆಂಪಡಿಕೆ ಅಂದರೆ 1, ಚಾಲಿ (ಬಿಳಿ ಅಡಿಕೆ) ಅಂದರೆ 0.

ಮೊದಲು ಒಂದರ ಮೇಲೊಂದು ಹಾಯುವಂತೆ ಬಳಪದಲ್ಲಿ ಮೂರು ವೃತ್ತ ಬರೆಯಿರಿ. ಹೆಸರು ತುಂಗಾ, ಭದ್ರಾ, ಶರಾವತಿ. (ಶರಾವತಿ ಪಶ್ಚಿಮಕ್ಕೆ ಹರಿಯುವವಳು, ನೆಲದ ಮೇಲಾದರೂ ಸೇರಲಿ.) ಒಟ್ಟು 7 ಮನೆ ಆಗುತ್ತವೆ.

ನಡುವಿನ ಮನೆಗೆ ಕೆಂಪು, ತುಂಗಾ-ಭದ್ರಾ ಕೂಡುವ ಮನೆಗೆ, ಅದನ್ನು ಕೂಡ್ಲಿ ಅನ್ನೋಣ, ಕೆಂಪು, ಭದ್ರಾ-ಶರಾವತಿ ಮನೆಗೆ ಚಾಲಿ, ಶರಾವತಿ-ತುಂಗಾ ಮನೆಗೆ ಕೆಂಪು ಇಡಿ. ಕಳಿಸಬೇಕಾದ 4 ಬಿಟ್ ಸುದ್ದಿ ಇಷ್ಟೇ.

ಉಳಿದ ಮೂರು ಹೊರಮನೆಗಳು ಕಾವಲಿಗೆ. ಪ್ರತಿ ವೃತ್ತದಲ್ಲೂ ಕೆಂಪಡಿಕೆ ಸಮಸಂಖ್ಯೆಯಲ್ಲಿರಬೇಕು. ತುಂಗೆಯಲ್ಲಿ ಈಗಾಗಲೇ 3 ಇವೆ, ಅದರ ಹೊರಮನೆಗೆ ಕೆಂಪು. ಉಳಿದೆರಡರಲ್ಲಿ ಎರಡೆರಡೇ ಇವೆ, ಅಲ್ಲಿ ಚಾಲಿ.

ಈಗ ಬೆನ್ನು ತಿರುಗಿಸಿ ಕುಳಿತು, ಯಾರಾದರೂ ಒಂದು ಅಡಿಕೆ ಬದಲಿಸಲಿ. ತಿರುಗಿ ಎಣಿಸಿ. ತುಂಗಾ ಬೆಸ, ಭದ್ರಾ ಬೆಸ, ಶರಾವತಿ ಸರಿ. ಮೊದಲೆರಡರಲ್ಲಿದ್ದು ಮೂರನೆಯದರಲ್ಲಿ ಇಲ್ಲದ ಮನೆ ಕೂಡ್ಲಿ ಒಂದೇ. ಕಳ್ಳ ಅಲ್ಲೇ. ಏಳರಲ್ಲಿ ಯಾವುದನ್ನು ಬದಲಿಸಿದರೂ ಹೀಗೇ ಸಿಕ್ಕಿಬೀಳುತ್ತದೆ, ಕಾವಲಿನ ಅಡಿಕೆಯೂ ಸೇರಿ.

ನನ್ನ ಅಕ್ಕನ ಮಗ ಮಾತ್ರ ಸದ್ದಿಲ್ಲದೆ ಎರಡು ಬದಲಿಸಿದ್ದ, ಕೂಡ್ಲಿಯದನ್ನೂ ನಡುವಿನದನ್ನೂ. ಶರಾವತಿ ಒಂದೇ ಬೆಸ ಬಂತು. ನಾನು ಗತ್ತಿನಿಂದ ಅದರ ಹೊರಮನೆಯ ಚಾಲಿಯನ್ನು ತೆಗೆದು ಕೆಂಪು ಇಟ್ಟೆ. ‘ಮಾವ, ಅದನ್ನ ನಾನು ಮುಟ್ಟೇ ಇಲ್ಲ!’ ಮೂರೂ ವೃತ್ತ ಸಮ, ಸುದ್ದಿ ಮಾತ್ರ ಸುಳ್ಳು. ಈ ಉಪಾಯ ತಿದ್ದುವುದು ಒಂದೇ ತಪ್ಪನ್ನು.

ಮಲೆನಾಡಿನ ಸಿಡಿಲು ಒಂದೇ ಬಿಟ್ ಕೆಡಿಸಿ ಸುಮ್ಮನಾಗುತ್ತದೆಯೇ? ಸಾಲಾಗಿ ನಾಲ್ಕೈದನ್ನು ಬಾಚಿಕೊಂಡು ಹೋಗುತ್ತದೆ. ಅದಕ್ಕೆ ಹೀಗೆ ಮಾಡಿ: ಇಂಥ 5 ಚಿತ್ರ ಬರೆದು ಅಡಿಕೆ ತುಂಬಿಸಿ. ಕಳಿಸುವಾಗ ಎಲ್ಲದರಿಂದ ಮೊದಲ ಅಡಿಕೆ, ಆಮೇಲೆ ಎಲ್ಲದರಿಂದ ಎರಡನೆಯದು, ಹೀಗೆ ಎತ್ತಿಕೊಡುತ್ತಾ ಹೋಗಿ. ದಾರಿಯಲ್ಲಿ ಸಾಲಾಗಿ 5 ಹಾಳಾದರೂ ಚಿತ್ರಕ್ಕೆ ಬೀಳುವುದು ಒಂದೊಂದೇ ತಪ್ಪು, ಐದನ್ನೂ ತಿದ್ದಬಹುದು.

ಆಟ ಮುಗಿದ ಮೇಲೆ ಚಾಲಿ, ಕೆಂಪು ಬೇರೆ ಬೇರೆ ಡಬ್ಬಕ್ಕೆ ಹಾಕಿ. ಬೆರೆಸಿಟ್ಟು ನಾನು ಬೈಸಿಕೊಂಡಾಗಿದೆ.