ಮೋಟಾರ್ ರಿವೈಂಡಿಂಗ್ ಆರಿಸಿಕೊಂಡದ್ದು ಹೀಗೆ

ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದವನಿಗೆ ನಮ್ಮ ಕಡೆ ಎರಡೇ ದಾರಿ ತೋರಿಸುತ್ತಾರೆ: ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಅಪ್ರೆಂಟಿಸ್, ಇಲ್ಲವೇ ಹೆಸ್ಕಾಂ ಲೈನ್‌ಮನ್. ಎರಡೂ ಒಳ್ಳೆಯವೇ, ಸಿಕ್ಕರೆ ಬಿಡಬಾರದು. ಆದರೆ ಅಪ್ರೆಂಟಿಸ್ ಮುಗಿದ ಮಾತ್ರಕ್ಕೆ ನೌಕರಿ ಬರುವುದಿಲ್ಲ. ರೈಲ್ವೆಯ ಮೊದಲ ಹಂತದ (ಲೆವೆಲ್ 1) ಹುದ್ದೆಗಳಲ್ಲಿ ಶೇ 20 ಅಪ್ರೆಂಟಿಸ್ ಮುಗಿಸಿದವರಿಗೆ ಮೀಸಲು, ಅದಕ್ಕೂ ಪರೀಕ್ಷೆ ಬರೆಯಬೇಕು. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಅಧಿಸೂಚನೆಗೆ ಕಾಯುವವರಲ್ಲಿ ನಾನೂ ಒಬ್ಬನಾಗಿದ್ದೆ. ಕಾಯುತ್ತಲೇ ಬೇರೆ ಕಸುಬು ಹುಡುಕಿದೆ.

ರಿವೈಂಡಿಂಗ್ ಎಂದರೆ ಸುಟ್ಟ ಮೋಟಾರಿಗೆ ತಾಮ್ರದ ತಂತಿಯ ಕಾಯಿಲ್ ಹೊಸದಾಗಿ ಸುತ್ತುವ ಕೆಲಸ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಯಲ್ಲಿ ಅದನ್ನು ಮಾಡುವ ಅಂಗಡಿಗಳಿಗೆ ಹೋದೆ. ಲಾಭ ಎಷ್ಟು ಎಂದು ಕೇಳಲಿಲ್ಲ, ಅದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ‘ಅಣ್ಣಾ, ಯಾವ ತಿಂಗಳು ಕೈ ಖಾಲಿ? ಉದ್ರಿ ಯಾವಾಗ ಬರುತ್ತದೆ?’ ಎಂದು ಕೇಳಿದೆ. ಉದ್ರಿಯ ಮಾತೆತ್ತಿದರೆ ಸಾಕು, ಚಹಾ ತರಿಸಿ ಕೂರಿಸಿಕೊಂಡು ಹೇಳುತ್ತಿದ್ದರು.

ತಿಳಿದದ್ದು ಇಷ್ಟು. ಬೇಸಿಗೆಯಲ್ಲಿ ಕೊಳವೆಬಾವಿಯ ಮೋಟಾರುಗಳು ಸಾಲಾಗಿ ಸುಡುತ್ತವೆ. ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದೆರಡರಲ್ಲಿ ಕರೆಂಟ್ ಏರಿ ಕಾಯಿಲ್ ಕರಕಾಗುತ್ತದೆ. ವೋಲ್ಟೇಜ್ ಇಳಿದರೂ ಅದೇ ಗತಿ, ನೀರಿಲ್ಲದೆ ತಿರುಗಿದರೆ ಬೇರಿಂಗ್ ಮೊದಲು ಹೋಗುತ್ತದೆ. ಒಂದು ಫೇಸ್ ಹೋದೊಡನೆ ಮೋಟಾರು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದರೆ ಎಷ್ಟೋ ಮೋಟಾರು ಉಳಿಯುತ್ತವೆ. ಹಾಕಿಸಿ ಎಂದು ನಾನೇ ಹೇಳುತ್ತೇನೆ, ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡಂತೆ! ಆದರೆ ಹಾಗೆ ಹೇಳಿದವನ ಹತ್ತಿರವೇ ರೈತರು ಮತ್ತೆ ಬರುತ್ತಾರೆ.

ಅಪಾಯವೂ ಅಲ್ಲೇ ಇದೆ. ಬರ ಬಿದ್ದು ಬಾವಿಯೇ ಬತ್ತಿದರೆ ಮೋಟಾರು ಯಾರಿಗೆ ಬೇಕು? ಮಳೆಗಾಲದಲ್ಲಂತೂ ಅಂಗಡಿ ಭಣಭಣ. ಹಣ ಬರುವುದು ಶೇಂಗಾ, ಹತ್ತಿ, ಮೆಣಸಿನಕಾಯಿ ಮಾರಿದ ಮೇಲೆ. ಆದ್ದರಿಂದ ಬರೀ ರಿವೈಂಡಿಂಗ್ ನಂಬಲಿಲ್ಲ. ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರವಾನಗಿ ಪಡೆದು, ಪರವಾನಗಿ ಇರುವ ಗುತ್ತಿಗೆದಾರರೊಬ್ಬರ ಕೈಕೆಳಗೆ ಮನೆಗಳ ವೈರಿಂಗ್ ಸೇರಿಸಿಕೊಂಡೆ. ಹಿಟ್ಟಿನ ಗಿರಣಿ ಮೋಟಾರುಗಳಿಗೆ ಋತುವಿಲ್ಲ. ಗಿರಣಿಯವರು ಅಂದೇ ದುಡ್ಡು ಕೊಡುತ್ತಾರೆ, ನಿಂತ ಗಿರಣಿಗೆ ಗಿರಾಕಿ ಕಾಯುವುದಿಲ್ಲವಲ್ಲ. ತಾಮ್ರದ ತಂತಿ ಮಾತ್ರ ಉದ್ರಿಯಲ್ಲಿ ತರುವುದಿಲ್ಲ. ರೈತರಿಂದ ತಂತಿಯ ಬೆಲೆ ಮುಂಗಡ, ಕೂಲಿ ಸುಗ್ಗಿಗೆ. ಈ ಕರಾರಿಗೆ ಜಗಳವಾಡಿದವರು ಕಡಿಮೆ.

2019ರಲ್ಲಿ ರೈತರಿಗೆ ಸೋಲಾರ್ ಪಂಪ್ ಕೊಡಿಸುವ ಕೇಂದ್ರದ ಪಿಎಂ ಕುಸುಮ್ ಯೋಜನೆ ಬಂದಾಗ, ಸೋಲಾರ್ ಬಂದರೆ ನಿಮ್ಮ ಕತೆ ಮುಗಿಯಿತು ಎಂದವರಿದ್ದರು. ಸೋಲಾರ್ ಪಂಪಿನೊಳಗೂ ಮೋಟಾರೇ ಇರುತ್ತದೆ. ಹೊಸದು ಫಲಕದ ಕರೆಂಟನ್ನು ಮೋಟಾರಿಗೆ ಹೊಂದಿಸುವ ಕಂಟ್ರೋಲರ್, ಅದನ್ನೀಗ ಕಲಿಯುತ್ತಿದ್ದೇನೆ.

ಭವಿಷ್ಯನಿಧಿಯೂ ಪಿಂಚಣಿಯೂ ನಮಗಿಲ್ಲ, ಸರ್ಕಾರಿ ನೌಕರಿಯ ಮುಂದೆ ಸೋಲುವುದು ಇಲ್ಲಿಯೇ. ಕೇಂದ್ರದ ಅಟಲ್ ಪಿಂಚಣಿ ಯೋಜನೆಗೆ ಸೇರಿದ್ದೇನೆ: 18ರಿಂದ 40 ವರ್ಷದೊಳಗೆ ಸೇರಿ ಕಂತು ಕಟ್ಟಿದರೆ 60ರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿ. ಆದಾಯ ತೆರಿಗೆ ಕಟ್ಟುವವರು ಈಗ ಹೊಸದಾಗಿ ಸೇರುವಂತಿಲ್ಲ. ನನಗೆ ಆ ತೊಂದರೆ ಇರಲಿಲ್ಲ.